ಕೆಂಪು ವ್ಯಾನಿನ ಮೊದಲ ಓಟ

ತುರ್ತು ಸಾಮಾನು ಮುಟ್ಟಿಸುವ ಕಸುಬು ಹಿಡಿದ ಮುಂಗುಸಿ ಬಸಕ್ಕನಿಗೆ ಮೊದಲ ಕೆಲಸ ಸಿಕ್ಕಿತು. ಕರಡಿಯಮ್ಮನ ಮರಿಗೆ ಜ್ವರ ಏರಿತ್ತು, ಔಷಧಿ ಬೇಗ ಬೇಕಿತ್ತು. ಔಷಧಿಯ ಪೆಟ್ಟಿಗೆ ಕೈಯಲ್ಲೇ ಹಿಡಿದು ಬಸಕ್ಕ ಒಂದು ವ್ಯಾನು ಆರಿಸಲು ಗಾಡಿಗಳ ಅಂಗಡಿಗೆ ಓಡಿದಳು. ಅಲ್ಲಿ ಇದ್ದದ್ದು ಎರಡೇ: ಮಿರಮಿರ ಮಿಂಚುವ ಕೆಂಪು ವ್ಯಾನು, ಬಣ್ಣ ಮಾಸಿದ ಬಿಳಿ ವ್ಯಾನು.

"ಅಕ್ಕಾ, ನನ್ನಷ್ಟು ಜೋರಾಗಿ ಓಡುವವರು ಈ ಕಾಡಿನಲ್ಲೇ ಇಲ್ಲ!" ಎಂದಿತು ಕೆಂಪು ವ್ಯಾನು.

"ಏನು ಸಾಗಿಸಬೇಕಕ್ಕಾ?" ಎಂದು ಕೇಳಿತು ಬಿಳಿ ವ್ಯಾನು.

ಬಸಕ್ಕನಿಗೆ ಆ ಮಾತು ಸಪ್ಪೆ ಎನಿಸಿತು. ತುರ್ತು ಕೆಲಸಕ್ಕೆ ಓಟ ಬಿಟ್ಟು ಇನ್ನೇನು ಬೇಕು? ಅವಳು ಕೆಂಪು ವ್ಯಾನನ್ನೇ ಒಪ್ಪಿ, ಕರಡಿಯಮ್ಮನ ಗುಹೆಗೆ ಹೋಗಬೇಕೆಂದು ಹೇಳಿದಳು. ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಹೊಸ ಗಾಡಿಗೆ ಮಾಡುವ ಪದ್ಧತಿಯಂತೆ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಇಟ್ಟದ್ದೇ ತಡ, ಕೆಂಪು ವ್ಯಾನು ಹಣ್ಣನ್ನು ಅಪ್ಪಚ್ಚಿ ಮಾಡಿ ಬಾಣದಂತೆ ಹೊರಟೇ ಹೋಯಿತು. ಎದ್ದ ಧೂಳಿನಲ್ಲಿ ಬಸಕ್ಕ ಕೆಮ್ಮುತ್ತ ನಿಂತಿದ್ದಳು. ಪೆಟ್ಟಿಗೆ ಅವಳ ಕಾಲಬುಡದಲ್ಲೇ ಇತ್ತು.

ಬಿಳಿ ವ್ಯಾನು ಹಿಂಬಾಗಿಲು ತೆರೆಯಿತು.

ಅವರು ಗುಹೆ ಮುಟ್ಟುವ ಹೊತ್ತಿಗೆ ಕೆಂಪು ವ್ಯಾನು ಅಂಗಳದಲ್ಲಿ ನಿಂತು ಹಾರನ್ ಬಾರಿಸುತ್ತಿತ್ತು. "ನೋಡಿದಿರಾ ಕರಡಿಯಮ್ಮಾ, ನಾನು ಆಗಲೇ ಬಂದೆ!"

ಕರಡಿಯಮ್ಮ ಅದನ್ನು ದಾಟಿಕೊಂಡು ಬಂದು ಬಿಳಿ ವ್ಯಾನಿನಿಂದ ಪೆಟ್ಟಿಗೆ ಇಳಿಸಿಕೊಂಡಳು.

"ಬಂದೆಯಪ್ಪ, ಬಂದೆ. ಆದರೆ ನಾನು ದಾರಿ ಕಾಯುತ್ತಿದ್ದದ್ದು ಔಷಧಿಗೆ, ನಿನಗಲ್ಲ."