ಗೊಂಡನಕೆರೆಯ ಎಳ್ಳುಗುಂಡು

ಗೊಂಡನಕೆರೆಯ ಏರಿಯ ಮೇಲೆ ನಿಂತು ನೋಡಿದರೆ ನೀರಿನ ನಡುವೆ ಒಂದು ಬೋಳು ಬಂಡೆ ಕಾಣುತ್ತದೆ. ನಾಲ್ಕು ಎತ್ತಿನ ಗಾಡಿಗಳನ್ನು ಒತ್ತೊತ್ತಾಗಿ ನಿಲ್ಲಿಸಬಹುದಾದಷ್ಟು ಜಾಗ, ಅಷ್ಟೆ. ಮರವಿಲ್ಲ, ಗುಡಿಯಿಲ್ಲ, ನೀರುಕಾಗೆಗಳು ಅದರ ಮೇಲೆ ಕೂತು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ. ಅದರ ಹೆಸರು ಎಳ್ಳುಗುಂಡು. ನೋಡಲು ಬಂದವರು, ‘ಇಲ್ಲಿ ಹಿಂದೆ ಎಳ್ಳು ಬೆಳೆಯುತ್ತಿದ್ದರೇ?’ ಎಂದು ನನ್ನನ್ನು ಕೇಳುತ್ತಾರೆ. ಬಂಡೆಯ ಮೇಲೆ ಯಾವ ಪುಣ್ಯಾತ್ಮ ಎಳ್ಳು ಬೆಳೆಯುತ್ತಾನೆ ಸ್ವಾಮಿ! ಈಚೆಗೆ ಯಾರೋ ಏರಿಯ ಮೇಲೆ ಹಲಗೆಯೊಂದನ್ನು ನೆಟ್ಟು, ‘ಋಷಿಯೊಬ್ಬರು ಎಳ್ಳಿನ ಹೋಮ ಮಾಡಿದ ಪುಣ್ಯಸ್ಥಳ’ ಎಂದು ಬರೆಸಿದ್ದಾರೆ. ಶುದ್ಧ ಸುಳ್ಳು. ಋಷಿಯೂ ಇಲ್ಲ, ಹೋಮವೂ ಇಲ್ಲ. ಆ ಹೆಸರು ಬಂದದ್ದು ಒಂದು ಚುನಾವಣೆಯಿಂದ. ಹಲಗೆ ಬರೆಸಿದವರಿಗೂ ಅದು ಚೆನ್ನಾಗಿ ಗೊತ್ತು, ಹೇಳಲು ನಾಚಿಕೆ.

ನಾನು ಮೂವತ್ತು ವರ್ಷ ಮೇಷ್ಟರಾಗಿದ್ದವನು. ಆರು ಚುನಾವಣೆಗಳಲ್ಲಿ ಮತಗಟ್ಟೆಯಲ್ಲಿ ಕೂತು ಈ ಸೀಮೆಯ ಬೆರಳುಗಳಿಗೆಲ್ಲ ಶಾಯಿ ಹಚ್ಚಿದ್ದೇನೆ. ನಮ್ಮ ಕ್ಷೇತ್ರದ ಗಡಿಯನ್ನು ನಾನು ಕಂಡಂತೆ ಮೂರು ಸಲ ತಿದ್ದಿದರು. ಒಮ್ಮೆ ಬಡಗಲ ಹೋಬಳಿಗೆ ಅಂಟಿಸಿದರು, ಇನ್ನೊಮ್ಮೆ ಕಿತ್ತು ತೆಂಕಲಿಗೆ ಸೇರಿಸಿದರು, ಮೂರನೆಯ ಸಲ ಹೆಸರನ್ನೇ ಬದಲಿಸಿದರು. ಯಾವ ವರ್ಷ ಯಾರು ಗೆದ್ದರು, ಯಾರು ನಲವತ್ತೊಂದು ಮತಗಳಿಂದ ಸೋತು ಏರಿಯ ಮೇಲೆ ಕೂತು ಅತ್ತರು ಎಂಬುದೆಲ್ಲ ಸರ್ಕಾರದ ಪುಸ್ತಕದಲ್ಲಿದೆ. ಆದರೆ ಆ ಪುಸ್ತಕ ಶುರುವಾಗುವುದು ಮತಪೆಟ್ಟಿಗೆ ಬಂದ ಮೇಲೆ. ಈ ಕೆರೆಯ ಜನ ಅದಕ್ಕೂ ಎಷ್ಟೋ ಹಿಂದಿನಿಂದ ತಮ್ಮ ಯಜಮಾನನನ್ನು ತಾವೇ ಆರಿಸಿಕೊಂಡು ಬಂದವರು. ಅದನ್ನು ಹೇಳಿಕೊಂಡು ಎದೆ ಉಬ್ಬಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೇಗೆ ಆರಿಸಿಕೊಂಡರು ಎಂಬುದನ್ನೂ ಹೇಳಬೇಕಲ್ಲ?

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಕೆರೆಯ ನೀರು ಉಣ್ಣುವ ಐದು ಊರುಗಳು ಸೇರಿ ಒಬ್ಬ ನಾಡಗೌಡನನ್ನು ಆರಿಸುತ್ತಿದ್ದವು ಎನ್ನುತ್ತಾರೆ. ಐದು ವರ್ಷಕ್ಕೊಮ್ಮೆ, ಕಾರ್ತಿಕದಲ್ಲಿ, ಕೆರೆ ತುಂಬಿರುವಾಗ ಕೂಟ ಸೇರುತ್ತಿತ್ತು. ಎಲ್ಲರೂ ಕೈ ಎತ್ತುವ ಪದ್ಧತಿಯಲ್ಲ. ಊರಿಗೊಬ್ಬ ಮನುಷ್ಯ; ಅವನಿಗೆ ‘ಊರ ಬಾಯಿ’ ಎಂದು ಹೆಸರು. ಐದು ಬಾಯಿಗಳು ಒಬ್ಬೊಬ್ಬರಾಗಿ ಏರಿಯ ಮೇಲಿನ ತೂಬಿನ ಕಲ್ಲು ಮುಟ್ಟಿ ಒಂದೊಂದು ಹೆಸರು ಹೇಳಬೇಕು, ಮೂರು ಬಾಯಲ್ಲಿ ಬಂದವನು ಗೌಡ. ತೂಬಿನ ಕಂಬದ ನೆರಳು ಮೂಡಲಿಗೆ ತಿರುಗುವುದರೊಳಗೆ ಬಾರದಿದ್ದ ಬಾಯಿಗೆ ಆ ಸಲ ಮಾತಿಲ್ಲ. ಎರಡೆರಡು ಸಮವಾಗಿ ಬಿದ್ದರೆ, ಆ ಸಲ ಕೂಟ ನಡೆಸುವ ಊರಿನ ಮಾತೇ ಮಾತು. ಬಾಯಿಯಾದವನು ಸಾಯುವ ತನಕ ಬಾಯಿ. ಅವನಿಗೆ ಹುಷಾರಿಲ್ಲವೆಂದು ಇನ್ನೊಬ್ಬನನ್ನು ಕಳಿಸುವಂತಿಲ್ಲ. ಸತ್ತರೆ ಹಿರಿಯ ಮಗ. ಇನ್ನೊಂದು ನಿಯಮವೂ ಇತ್ತು. ಹೆಸರು ಹೇಳುವ ದಿನ ಬೆಳಿಗ್ಗೆ ಐವರೂ ತೊಗಲು ಹೊದಿಸಿದ ಹರಿಗೋಲಿನಲ್ಲಿ ಆ ಬಂಡೆಗೆ ಹೋಗಿ, ಗಂಗಮ್ಮನಿಗೆ ಅರಿಶಿನ ಕುಂಕುಮ ಇಟ್ಟು, ಯಾರ ಅನ್ನಕ್ಕೂ ಯಾರ ಬೆದರಿಕೆಗೂ ತಾವು ಬಗ್ಗಿಲ್ಲವೆಂದು ಆಣೆ ಮಾಡಿ ಬರಬೇಕು. ಹರಿಗೋಲು ಕೂಟ ನಡೆಸುವ ಊರಿನದು.

ಆ ಸಲ ಕೂಟ ಮೂಡಲಕೊಪ್ಪದ್ದು. ಅಲ್ಲಿನ ಹೊನ್ನಪ್ಪಗೌಡನೇ ಹದಿನೈದು ವರ್ಷದಿಂದ ನಾಡಗೌಡ. ಕೆರೆಯ ತೂಬು ಅವನ ಕೈಯಲ್ಲಿ, ನೀರು ಬಿಡುವ ನೀರುಗಂಟಿ ಅವನ ಮನೆಯ ಆಳು. ಕಾಲುವೆಯ ಕೊನೆಯಲ್ಲಿದ್ದ ಊರು ಕಡೆಯೂರು. ಆ ಹದಿನೈದು ವರ್ಷವೂ ಕಡೆಯೂರಿಗೆ ಒಂದು ಹನಿ ನೀರು ಮುಟ್ಟಲಿಲ್ಲ. ನಡುವೆಯೇ ತಿರುಗಿಸಿಕೊಂಡು ತನ್ನ ಗದ್ದೆಗೆ ಹಾಯಿಸಿಕೊಂಡ. ಕಡೆಯೂರಿನಲ್ಲಿ ಅರ್ಧ ಜನ ಊರು ಬಿಟ್ಟು, ಅವರ ಮನೆಗಳ ಬಾಗಿಲಿಗೆ ಮುಳ್ಳು ಬಡಿದಿತ್ತು. ಇನ್ನೈದು ವರ್ಷ ಹೀಗೇ ಹೋದರೆ ಊರೇ ಇರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಎದುರಿಗೆ ನಿಂತವನು ಓಬಳೇಗೌಡ. ಗೆದ್ದರೆ ಮೊದಲ ನೀರು ಕಡೆಯೂರಿಗೇ ಎಂದು ಮಾತು ಕೊಟ್ಟಿದ್ದ. ಎರಡು ಊರು ಅವನ ಕಡೆ, ಎರಡು ಊರು ಹೊನ್ನಪ್ಪನ ಕಡೆ. ಉಳಿದದ್ದು ಕಡೆಯೂರ ಬಾಯಿ ಈರಬಡಪ್ಪ. ಅರವತ್ತು ದಾಟಿದ ಒಣಕಲು ಮನುಷ್ಯ, ಮಾತು ಕಡಿಮೆ. ಅವನು ಯಾರ ಹೆಸರು ಹೇಳುತ್ತಾನೆಂದು ಹೊನ್ನಪ್ಪ ಕೇಳಬೇಕಾಗಿರಲಿಲ್ಲ.

ಆಣೆಯ ಬೆಳಿಗ್ಗೆ ಐವರೂ ಬಂಡೆಗೆ ಹೋದರು. ಹಿಂದಿರುಗುವಾಗ ಅಂಬಿಗ, ‘ತೊಗಲು ನೀರು ಕುಡಿದದೆ, ಐದಾಳು ತಡೆಯಾಕಿಲ್ಲ, ಒಬ್ಬರು ಇರಿ, ಈಗ ಬತ್ತೀನಿ’ ಎಂದ. ಹತ್ತುವುದರಲ್ಲೂ ಇಳಿಯುವುದರಲ್ಲೂ ಕಾಲುವೆಯ ಸಾಲಿನಂತೆಯೇ ಸರದಿ. ಕಡೆಯೂರು ಯಾವಾಗಲೂ ಕೊನೆ. ಅದು ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಈರಬಡಪ್ಪ ತಾನಾಗಿಯೇ ಹಿಂದೆ ಸರಿದು ನಿಂತ. ಜೊತೆಯ ನಾಲ್ವರಿಗೂ ಅದು ವಿಚಿತ್ರವೆನಿಸಲಿಲ್ಲ. ಹರಿಗೋಲು ದಡಕ್ಕೆ ಬಂತು. ಬಂದದ್ದೇ ತಡ, ಹೊನ್ನಪ್ಪನ ಆಳುಗಳು ಅದನ್ನು ಕವುಚಿ ಹಾಕಿ ತೊಗಲನ್ನು ಕುಡುಗೋಲಿನಿಂದ ಸೀಳಿದರು. ಕಡೆಯೂರ ಜನ ಏರಿಯ ಮೇಲೆ ಬಾಯಿ ಬಾಯಿ ಬಡಿದುಕೊಂಡರು. ಈಜಿ ಹೋಗೋಣವೆಂದರೆ ಇಡೀ ಊರಿನಲ್ಲಿ ಈಜು ಬಲ್ಲವನು ಒಬ್ಬನೂ ಇಲ್ಲ. ಕಲಿಯಲು ನೀರೆಲ್ಲಿತ್ತು ಅವರಿಗೆ! ಈರಬಡಪ್ಪ ಬಂಡೆಯ ತುದಿಗೆ ಬಂದು ‘ಓಬಳೇಗೌಡ! ಓಬಳೇಗೌಡ!’ ಎಂದು ಗಂಟಲು ಹರಿಯುವಂತೆ ಕೂಗಿದ. ಏರಿಯ ಮೇಲಿದ್ದವರೆಲ್ಲ ಕೇಳಿಸಿಕೊಂಡರು. ಹೊನ್ನಪ್ಪ ಮೀಸೆಯಡಿ ನಕ್ಕು, ‘ಕೂಗಿದ್ರೆ ಆಯ್ತಾ? ಕಲ್ಲು ಮುಟ್ಟಿ ಹೇಳ್ಬೇಕು’ ಎಂದ. ನಿಯಮ ಅವನ ಪರವಾಗಿತ್ತು.

ಆಗ ಕಡೆಯೂರ ಯಜಮಾನ ನಿಂಗಜ್ಜ ಎದ್ದ. ಈ ನಿಂಗಜ್ಜನನ್ನು ಬುದ್ಧಿವಂತನೆಂದು ಹೊಗಳುವವರು ಇಂದಿಗೂ ಇದ್ದಾರೆ. ನಾನು ಅವರ ಸಾಲಿನವನಲ್ಲ. ಅವನು ಕೇಳಿದ್ದು ಇಷ್ಟೆ: ಬಾಯಿ ಸತ್ತರೆ ಮಗ ಹೇಳಬಹುದಲ್ಲವೇ? ಹೊನ್ನಪ್ಪ, ‘ಸತ್ತವ್ನಾ? ಅಗೋ, ಪಂಚೆ ಬೀಸ್ತಾವ್ನೆ’ ಎಂದು ತೋರಿಸಿದ. ನಿಂಗಜ್ಜ ಕೂಟದ ಜೋಯಿಸನ ಕಡೆ ತಿರುಗಿದ. ಕುಲದಿಂದ ಹೊರಗೆ ಹಾಕಿದವರಿಗೆ ಬದುಕಿರುವಾಗಲೇ ಎಳ್ಳುನೀರು ಬಿಡುವ ರೂಢಿ ಈ ಸೀಮೆಯಲ್ಲಿತ್ತು. ಬಿಟ್ಟ ಮೇಲೆ ಆ ಮನುಷ್ಯ ಸತ್ತಂತೆಯೇ; ಅವನ ಜೊತೆ ಮಾತಿಲ್ಲ, ಅವನಿಗೆ ಬೆಂಕಿಯಿಲ್ಲ, ಅವನ ಹೆಂಡತಿ ಮುಂಡೆ. ‘ಹಂಗಾದ್ರೆ ನಮ್ಮ ಈರಬಡಪ್ಪಂಗೂ ಬಿಡ್ತೀವಿ. ಅವನು ಸತ್ತಂಗೋ ಅಲ್ವೋ?’ ಎಂದ ನಿಂಗಜ್ಜ. ಜೋಯಿಸ ತಲೆ ತಗ್ಗಿಸಿಕೊಂಡು, ಶಾಸ್ತ್ರದಲ್ಲಿ ಸತ್ತಂತೆಯೇ ಎಂದ. ಹೊನ್ನಪ್ಪ, ‘ಆಗ್ಲಿ. ಸತ್ತವನು ಸತ್ತೇ ಇರ್ಬೇಕು. ಅವನು ಈ ನೆಲ ಮುಟ್ಟಿದ ದಿನ ಮಗನ ಮಾತು ಬಿದ್ದೋಯ್ತು, ಗೌಡಿಕೆ ನಂದು’ ಎಂದ. ನೆರಳು ತಿರುಗುತ್ತಿತ್ತು. ಕಡೆಯೂರ ಜನ ಒಬ್ಬರ ಮುಖ ಒಬ್ಬರು ನೋಡದೆ ಹೂಂ ಎಂದರು.

ಈರಬಡಪ್ಪನ ಮಗ ಚಿತ್ತಯ್ಯ ಮೂವತ್ತರ ಗಂಡಸು, ಎರಡು ಮಕ್ಕಳ ತಂದೆ. ಒಲ್ಲೆನೆಂದು ಕೂತುಬಿಟ್ಟ. ನಾಲ್ಕು ಜನ ಹೆಗಲು ಒತ್ತಿ ಹಿಡಿದು ಅವನ ತಲೆ ಬೋಳಿಸಿದರು, ಮೀಸೆ ತೆಗೆದರು. ತಾಯಿ ಪುಟ್ಟೀರಮ್ಮನನ್ನು ತೂಬಿನ ಕಲ್ಲಿನ ಬಳಿಗೆ ಕರೆತಂದು, ಎರಡೂ ಕೈಗಳನ್ನು ಅದೇ ಕಲ್ಲಿಗೆ ಬಡಿದು ಬಳೆ ಒಡೆದರು. ಆಕೆ ಚೀರಲಿಲ್ಲ. ‘ಮಾವ, ಅವ್ರು ನೋಡ್ತಾವ್ರೆ’ ಎಂದಳು, ಅಷ್ಟೆ. ‘ನೋಡ್ಲಿ ಬಿಡವ್ವ. ಊರು ಒಣಗಿದ್ದನ್ನೂ ನೋಡವ್ನೆ’ ಎಂದ ನಿಂಗಜ್ಜ. ಬಂಡೆಯ ಮೇಲೆ ಈರಬಡಪ್ಪ ಆವರೆಗೆ ಪಂಚೆ ಬೀಸುತ್ತಲೇ ಇದ್ದ. ಜನ ದಡಕ್ಕೆ ಇಳಿಯುವುದನ್ನು ಕಂಡು ತನ್ನನ್ನು ಕರೆತರಲು ಏನೋ ಉಪಾಯ ಮಾಡುತ್ತಿದ್ದಾರೆಂದು ತಿಳಿದಿರಬೇಕು. ಮಗನ ಬೋಳು ತಲೆ ಬಿಸಿಲಿಗೆ ಹೊಳೆದಾಗ ಬೀಸುವುದು ನಿಂತಿತು. ಚಿತ್ತಯ್ಯ ಮೊಣಕಾಲುದ್ದ ನೀರಿನಲ್ಲಿ ನಿಂತು, ಅಪ್ಪನ ಕಡೆ ಮುಖ ಮಾಡಿ, ಅಪ್ಪನ ಹೆಸರು ಹೇಳಿ ಮೂರು ಸಲ ಎಳ್ಳುನೀರು ಬಿಟ್ಟ. ಆಮೇಲೆ ಕಲ್ಲು ಮುಟ್ಟಿ ಓಬಳೇಗೌಡನ ಹೆಸರು ಹೇಳಿದ. ಮೂರಕ್ಕೆ ಎರಡು. ಅಂದೇ ಮಧ್ಯಾಹ್ನ ತೂಬು ಎತ್ತಿದರು. ಹದಿನೈದು ವರ್ಷದ ಮೇಲೆ ಕಡೆಯೂರ ಕಾಲುವೆಗೆ ನೀರು ಹರಿಯಿತು. ಜನ ನೀರಿನ ಜೊತೆಜೊತೆಗೇ ಕೇಕೆ ಹಾಕುತ್ತ ಊರಿನವರೆಗೆ ಓಡಿದರು. ಏರಿಯ ಮೇಲೆ ಉಳಿದವಳು ಪುಟ್ಟೀರಮ್ಮ ಒಬ್ಬಳೇ.

ಮರುದಿನ ಬೆಳಗಾಗುವಷ್ಟರಲ್ಲಿ ಹೊನ್ನಪ್ಪನ ಹರಿಗೋಲಿನ ತೊಗಲು ಹೇಗೋ ಹೊಲಿದುಕೊಂಡಿತ್ತು! ಈಗ ಈರಬಡಪ್ಪನನ್ನು ದಡ ಮುಟ್ಟಿಸುವ ಆತುರ ಅವನಿಗೆ. ತಾನೇ ಕೂತು ಬಂಡೆಗೆ ಹೋದ. ಮುಂದಿನ ಮಾತುಗಳು ಹುಟ್ಟು ಹಾಕುತ್ತಿದ್ದ ಅಂಬಿಗನಿಂದ ನಮ್ಮವರೆಗೆ ಬಂದವು ಎನ್ನುತ್ತಾರೆ. ‘ಬಾ ಈರಬಡಪ್ಪಣ್ಣ, ಕೂತ್ಕೊ. ಬಿಸಿ ಮುದ್ದೆ ಉಣ್ಣುವಂತೆ’ ಎಂದು ಹೊನ್ನಪ್ಪ ಕೈ ನೀಡಿದ. ಈರಬಡಪ್ಪ, ‘ಊರಿಗೆ ನೀರು ಬಂತಾ ಗೌಡ್ರೇ?’ ಎಂದು ಕೇಳಿದ. ‘ಬಂದು ನೀನೇ ನೋಡ್ಕೊ’ ಎಂದ ಹೊನ್ನಪ್ಪ. ಮುದುಕ ಹರಿಗೋಲನ್ನು ಬಹಳ ಹೊತ್ತು ನೋಡಿದ. ಹಸಿದಿದ್ದ, ಕಾರ್ತಿಕದ ಗಾಳಿಗೆ ನಡುಗುತ್ತಿದ್ದ. ‘ನೀವು ಕರೀತಿದೀರಿ ಅಂದ್ರೆ ನಾನು ಬರಬಾರ್ದು ಅಂತ ಅರ್ಥ’ ಎಂದು ಹೇಳಿ ಬೆನ್ನು ತಿರುಗಿಸಿ ಕೂತ. ಹೊನ್ನಪ್ಪ ಬರಿಗೈಯಲ್ಲಿ ಮರಳಿದ. ಅಷ್ಟರಲ್ಲಿ ಕಡೆಯೂರ ಗಂಡಸರು ಕಲ್ಲು ಹಿಡಿದು ಏರಿಯುದ್ದಕ್ಕೂ ನಿಂತಿದ್ದರು. ಹೊನ್ನಪ್ಪನನ್ನು ಹೊಡೆಯಲು ಎಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. ಈರಬಡಪ್ಪ ಅದರಲ್ಲಿ ಕೂತು ಬಂದಿದ್ದರೆ ಆ ಕಲ್ಲುಗಳು ಅವನಿಗಾಗಿ ಇದ್ದವು.

ಅಂದಿನಿಂದ ಕಡೆಯೂರಿನವರು ಏರಿಯ ಮೇಲೆ ಸರದಿಯಂತೆ ಕಾವಲು ಕೂತರು, ಹರಿಗೋಲನ್ನು ಕಿತ್ತುಕೊಂಡರು. ಚಿತ್ತಯ್ಯ ಒಮ್ಮೆ ಬಾಳೆದಿಂಡು ಕಟ್ಟಿಕೊಂಡು ನೀರಿಗೆ ಇಳಿದ. ದಾಯಾದಿಗಳೇ ಎಳೆದು ತಂದು ಬಡಿದು ಕೂಡಿ ಹಾಕಿದರು. ಪುಟ್ಟೀರಮ್ಮ ಅವರ ಶಾಸ್ತ್ರವನ್ನೇ ಹಿಡಿದಳು. ಸತ್ತವರ ಎಡೆಯನ್ನು ಸತ್ತ ಜಾಗದಲ್ಲೇ ಇಡಬೇಕಲ್ಲ, ಮೂರನೇ ದಿನದ ಹಾಲುತುಪ್ಪವನ್ನೂ ಹನ್ನೊಂದನೇ ದಿನದ ತಿಥಿ ಅಡುಗೆಯನ್ನೂ ಗುಂಡಿನ ಮೇಲೇ ಇಡಿ ಎಂದು ಪಟ್ಟು ಹಿಡಿದಳು. ನಿಂಗಜ್ಜನಿಗೆ ಇಲ್ಲವೆನ್ನಲಾಗಲಿಲ್ಲ. ಆದರೆ ಮುಂಡೆಯಾದವಳು ತಾನೇ ಹೋಗುವಂತಿಲ್ಲ. ಅಂಬಿಗನ ಜೊತೆ ಕಾವಲಿಗೆ ಒಬ್ಬನನ್ನು ಕೂರಿಸಿ ಕಳಿಸಿದರು. ಅವರು ಎಲೆಯನ್ನು ಬಂಡೆಯ ಮೇಲಿಟ್ಟು ತಿರುಗಿದರು. ಈರಬಡಪ್ಪ ಎಲೆಯ ಕಡೆ ನೋಡದೆ, ‘ಲೇ ಅಪ್ಪಾ, ನೀರು ಬಂತಾ ಊರಿಗೆ?’ ಎಂದು ಕೇಳಿದ. ಸತ್ತವನ ಮಾತಿಗೆ ಉತ್ತರ ಕೊಟ್ಟರೆ ಅವನು ಬದುಕಿದ್ದಾನೆಂದು ಒಪ್ಪಿದಂತೆ. ಇಬ್ಬರೂ ಮಾತಾಡಲಿಲ್ಲ. ಹನ್ನೊಂದನೇ ದಿನವೂ ಅದನ್ನೇ ಕೇಳಿದ. ಆಗ ಕೂತಲ್ಲಿಂದ ಏಳಲು ಆಗುತ್ತಿರಲಿಲ್ಲವಂತೆ. ‘ತಲೆಯನ್ನಾದ್ರೂ ಆಡ್ಸು, ಪುಣ್ಯ ಬತ್ತದೆ’ ಎಂದ. ಜೊತೆಗಿದ್ದ ಕಾವಲಿನವನು ಅಂಬಿಗನ ತೊಡೆಯನ್ನು ಒತ್ತಿ ಹಿಡಿದ. ಅಂಬಿಗ ಹುಟ್ಟು ಹಾಕಿಕೊಂಡು ಬಂದುಬಿಟ್ಟ.

ಅಮಾವಾಸ್ಯೆಯ ಎಡೆ ಇಡಲು ಹೋದಾಗ ತಿಥಿಯ ಎಲೆ ಇಟ್ಟಂತೆಯೇ ಒಣಗಿತ್ತು. ಹೆಣವನ್ನು ಯಾರೂ ತರಲಿಲ್ಲ. ಒಮ್ಮೆ ಸತ್ತು, ತಿಥಿಯಾಗಿ, ಊರೆಲ್ಲ ಉಂಡು ಮುಗಿಸಿದ ಮೇಲೆ ಅವನನ್ನು ಮತ್ತೊಮ್ಮೆ ಹೊರಲು ಯಾರು ಬರುತ್ತಾರೆ? ಒಬ್ಬನಿಗೆ ಎರಡು ಸಲ ಎಳ್ಳುನೀರು ಬಿಡುವುದಿಲ್ಲ ಎಂದು ನಿಂಗಜ್ಜ ತೀರ್ಮಾನ ಕೊಟ್ಟ. ಆ ಬಂಡೆಗೆ ಎಳ್ಳುಗುಂಡು ಎಂಬ ಹೆಸರು ಅಂದಿನಿಂದ ನಿಂತಿತು ಎನ್ನುತ್ತಾರೆ. ಕಡೆಯೂರು ಆ ವರ್ಷ ಎರಡು ಬೆಳೆ ತೆಗೆಯಿತು. ಓಬಳೇಗೌಡ ಕೊಟ್ಟ ಮಾತು ತಪ್ಪಲಿಲ್ಲ. ಅವನನ್ನು ಇನ್ನೂ ಮೂರು ಸಲ ಆರಿಸಿದರು, ಮೂರು ಸಲವೂ ಕಡೆಯೂರ ಬಾಯಿಯಾಗಿ ಚಿತ್ತಯ್ಯನೇ ಬಂದು ಹೆಸರು ಹೇಳಿದ.

ಈಗಲೂ ಕಾರ್ತಿಕದಲ್ಲಿ ಬಂದರೆ ಏರಿಯ ಕೆಳಗೆ ದೂರದ ಕಡೆಯೂರಿನವರೆಗೂ ಗದ್ದೆಗಳು ಕಣ್ಣು ತುಂಬುವಷ್ಟು ಹಸಿರಾಗಿರುತ್ತವೆ. ಬಂದವರು ಏರಿಯ ಮೇಲೆ ನಿಂತು ಒಂದು ಕಡೆ ಕೆರೆ, ಒಂದು ಕಡೆ ಗದ್ದೆ ನೋಡಿ, ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಗುಂಡಿನವರೆಗೆ ನಡೆದೇ ಹೋಗಬಹುದು. ನಾನೂ ಒಂದು ಸಲ ಹೋಗಿ ಅದರ ಮೇಲೆ ನಿಂತಿದ್ದೇನೆ. ಅಲ್ಲಿಂದ ಊರಿನ ದಿಕ್ಕಿಗೆ ತಿರುಗಿದರೆ ಎದುರಿಗೆ ಏರಿ ಕಾಣುತ್ತದೆ, ಆ ತುದಿಯಿಂದ ಈ ತುದಿಯವರೆಗೂ ಏರಿ, ಅದರ ಮೇಲೆ ಬರಿಯ ಆಕಾಶ. ಎಷ್ಟು ಹಿಮ್ಮಡಿ ಎತ್ತಿ ನೋಡಿದರೂ ಕಡೆಯೂರಿನ ಒಂದು ಪೈರೂ ಕಾಣುವುದಿಲ್ಲ.