ಕುದುರೆಗೆ ದನಿ ಸಾಕು

"ಗುರುಗಳೇ, ಮಠಕ್ಕೆ ಬಂದಿರುವ ಆ ತರುಣ ಮೂರು ದಿನದಿಂದ ತುಟಿ ಬಿಚ್ಚಿಲ್ಲ. ನನಗೆ ತಿಳಿದ ಬುದ್ಧಿಮಾತನ್ನೆಲ್ಲ ಹೇಳಿದ್ದಾಯಿತು. ಇನ್ನು ಏನು ಹೇಳಿದರೆ ಅವನ ದುಃಖ ಕರಗುತ್ತದೆ?" ಎಂದು ಶಿಷ್ಯ ಮರುಳಯ್ಯ ಕೇಳಿದ.

"ಮೂರು ದಿನವೂ ನೀನೊಬ್ಬನೇ ಮಾತಾಡಿದೆಯಾ? ಭಲೆ! ಗಂಟಲು ನೊಂದಿರಬೇಕು, ಕೂತುಕೋ" ಎಂದು ಗುರುಗಳು ನಕ್ಕು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿಯಿದ್ದ. ಕುದುರೆಗಳ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗುವವನು. ಅವನಿಗೆ ಹದಿನಾರು ವರ್ಷದ ಮಗಳು, ಪುಟ್ಟ ಮಗ. ಒಂದು ದಿನ ಅಕ್ಕನ ಜೊತೆ ಹೊಳೆ ದಾಟುವಾಗ ಮಗ ನೀರುಪಾಲಾದ. ಅಂದಿನಿಂದ ಮಗಳು ಮಾತು ಬಿಟ್ಟಳು, ಊಟ ಬಿಟ್ಟಳು. ಮಗ ಹೋದ ಸಂಕಟ ಒಂದು ಕಡೆ. ಉಳಿದ ಮಗಳೂ ಕೈತಪ್ಪಿ ಹೋಗುತ್ತಾಳೇನೋ ಎಂಬ ಭಯ ಇನ್ನೊಂದು ಕಡೆ. ಪಾಪ, ಅವನು ವೈದ್ಯರಿಗೆ ತೋರಿಸಿದ, ಹರಕೆ ಹೊತ್ತ. ಪಕ್ಕದಲ್ಲಿ ಕೂತು, "ನಿನ್ನದೇನೂ ತಪ್ಪಿಲ್ಲ ಮಗಳೇ" ಎಂದು ಹೇಳಿದ್ದನ್ನೇ ಹೇಳಿದ. ಅವಳು ಗೋಡೆ ನೋಡುತ್ತ ಕೂತಿರುತ್ತಿದ್ದಳು.

ಅವಳೇ ಮರಿಯಿಂದ ಸಾಕಿದ ಒಂದು ಕುದುರೆಯಿತ್ತು. ಅದಕ್ಕೆ ಲಾಳ ಕಟ್ಟಿಸಲು ಹೋಗುವಾಗ ವ್ಯಾಪಾರಿ ಮಗಳನ್ನೂ ಕರೆದೊಯ್ದ. ಲಾಳ ಕಟ್ಟುವ ಮುದುಕ ಅವಳ ಮುಖ ನೋಡಿದ, ಏನೂ ಕೇಳಲಿಲ್ಲ. ಕುದುರೆಯ ಮುಂದೆ ಹುಲ್ಲು ಹಾಕಿ, "ತಾಯೀ, ಹಿಂಗಾಲು ಎತ್ತಿ ಹಿಡಿ. ಹಿಂದೆ ನಿಂತವರು ಕುದುರೆಗೆ ಕಾಣುವುದಿಲ್ಲ. ದನಿ ಕೇಳುತ್ತಲೇ ಇರಬೇಕು, ಇಲ್ಲದಿದ್ದರೆ ಬೆದರುತ್ತದೆ. ಬಾಯಿಗೆ ಬಂದದ್ದು ಆಡು. ಅದಕ್ಕೆ ಅರ್ಥ ಬೇಕಿಲ್ಲ, ದನಿ ಸಾಕು" ಎಂದ.

"ಅವಳು ಮಾತಾಡುವುದಿಲ್ಲ" ಎಂದು ವ್ಯಾಪಾರಿ ಹೇಳುವಷ್ಟರಲ್ಲಿ ಕುದುರೆ ಕಾಲು ಕೊಸರಿತು. "ಹೋ... ಹೋ..." ಎಂದಳು ಹುಡುಗಿ. ಕುದುರೆ ನಿಂತಿತು. ಅವಳು ಸುಮ್ಮನಾದಾಗ ಮತ್ತೆ ಕೊಸರಿತು. ಅವಳು ಮತ್ತೆ ದನಿ ತೆಗೆದಳು. ಹುಲ್ಲಿನ ಮಾತು ಆಡಿದಳು, ನೊಣದ ಮಾತು ಆಡಿದಳು. ಕೊನೆಗೆ, "ಬೆದರಬೇಡ... ಚೆಂಬು ತೇಲಿಹೋಗುತ್ತಿತ್ತು. ಅದನ್ನು ಹಿಡಿಯಲು ಹೋಗಿ ತಮ್ಮನ ಕೈ ಬಿಟ್ಟೆ" ಎಂದಳು.

ಕುದುರೆ ಹುಲ್ಲು ಅಗಿಯುತ್ತಲೇ ಇತ್ತು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಹಿಡಿದ ಕಾಲನ್ನು ಮಾತ್ರ ಬಿಡಲಿಲ್ಲ.

ವ್ಯಾಪಾರಿ ತಡೆಯಲಾರದೆ, "ಇಲ್ಲ ಮಗಳೇ, ನಿನ್ನದೇನೂ..." ಎಂದು ಮುಂದೆ ನುಗ್ಗಿದ. ಅವಳ ಮಾತು ನಿಂತುಹೋಯಿತು. ಮುದುಕ ಸುತ್ತಿಗೆ ಅಡ್ಡ ಹಿಡಿದ. "ಯಜಮಾನರೇ, ಇನ್ನೂ ಮೂರು ಮೊಳೆ ಬಾಕಿ ಇವೆ. ಅಲ್ಲಿಯತನಕ ಬಾಯಿ ಮುಚ್ಚಿಕೊಂಡು ಕೂತಿರಿ."

ವ್ಯಾಪಾರಿ ಕಲ್ಲಿನ ಮೇಲೆ ಕೂತ. ಹುಡುಗಿ ಮತ್ತೆ ಶುರುಮಾಡಿದಳು. ಅವನು ಶಾಲಿನ ತುದಿ ಕಚ್ಚಿಕೊಂಡು ಎಲ್ಲವನ್ನೂ ಕೇಳಿದ. ತಪ್ಪಿಲ್ಲ, ತಪ್ಪಿಲ್ಲ ಎಂದು ನೂರು ಸಲ ಹೇಳಿದ್ದ. ಅವಳು ಯಾವುದನ್ನು ತಪ್ಪೆಂದುಕೊಂಡಿದ್ದಾಳೆ ಎಂಬುದು ಅವನಿಗೆ ತಿಳಿದದ್ದು ಅಂದೇ.

ಕೊನೆಯ ಮೊಳೆ ಬಿತ್ತು. ಹುಡುಗಿ ಕಾಲನ್ನು ಮೆಲ್ಲಗೆ ನೆಲಕ್ಕಿಳಿಸಿ, ಬಂದು ಪಕ್ಕದಲ್ಲಿ ಕೂತಳು. "ಅಪ್ಪಾ, ಹಸಿವಾಗಿದೆ" ಎಂದಳು. ವ್ಯಾಪಾರಿಯ ಕಣ್ಣು ತುಂಬಿ ಬಂತು. ಒಂದು ಮಾತೂ ಆಡದೆ ಬುತ್ತಿ ಬಿಚ್ಚಿದ.

ಗುರುಗಳು ಕತೆ ನಿಲ್ಲಿಸಿದರು.

"ತಿಳಿಯಿತು ಗುರುಗಳೇ. ಹಾಗಾದರೆ ಆ ತರುಣನಿಗೆ ನಾನೀಗ ಏನು ಹೇಳಲಿ?" ಎಂದ ಮರುಳಯ್ಯ.

"ನಮ್ಮ ಮಠದ ಕುದುರೆ ಲಾಯಕ್ಕೆ ದಾರಿ ಹೇಳು, ಸಾಕು" ಎಂದರು ಗುರುಗಳು.

ಮೂರು ದಿನದಲ್ಲಿ ಮೊದಲ ಸಲ ಮರುಳಯ್ಯ ಸುಮ್ಮನಾದ.