ಬಳಸುಗುಡ್ಡ

ಹಳಿಯಾಳ ಸೀಮೆಯ ಕಾಡಂಚಿನಲ್ಲಿ ಬಿದರೊಳ್ಳಿ ಎಂಬ ಊರಿದೆ. ಊರಿನ ಪಶ್ಚಿಮಕ್ಕೆ ಹೊಳೆ, ಹೊಳೆಯಾಚೆ ದಡದಲ್ಲಿ ಕೆಂಚನಮಾಳವೆಂಬ ಸಿದ್ದಿಯರ ಕೇರಿ. ಕೇರಿಯ ಬೆನ್ನಿಗೆ ಹೊಳೆಯ ಮೇಲುಗಡೆ ಒಂದು ಗುಡ್ಡ ಎದ್ದು ನಿಂತಿದೆ. ಅಷ್ಟೇನೂ ಎತ್ತರವಲ್ಲ, ಆದರೆ ಮೈಯೆಲ್ಲ ಚೂಪುಗಲ್ಲು, ನೆತ್ತಿಯಲ್ಲಿ ಎರಡು ಬಂಡೆಗಳ ನಡುವೆ ಒಬ್ಬರು ಮಾತ್ರ ನುಸುಳಬಹುದಾದ ಕಿರಿದಾದ ಸಂದು. ಇದಕ್ಕೆ ಬಳಸುಗುಡ್ಡ ಎಂದು ಹೆಸರು. ಈಗಿನ ಡಾಂಬರು ರಸ್ತೆ ಗುಡ್ಡವನ್ನು ಬಳಸಿಕೊಂಡು ಹೋಗುವುದರಿಂದ ಈ ಹೆಸರು ಬಂತೆಂದು ಹೊರಗಿನವರು ತಿಳಿಯುತ್ತಾರೆ. ಸರ್ವೆಯವರೊಬ್ಬರು ಹಾಗೆಯೇ ಬರೆದುಕೊಂಡದ್ದನ್ನು ನಾನು ಕಂಡಿದ್ದೇನೆ. ಆದರೆ ರಸ್ತೆ ಮೊನ್ನೆ ಮೊನ್ನೆಯದು, ಹೆಸರು ಬಹಳ ಹಳೆಯದು. ಎರಡೂ ದಡದ ಹಿರಿಯರು ಹೇಳುವ ಕಥೆ ಬೇರೆಯೇ ಇದೆ.

ಹಿಂದೆ ಒಮ್ಮೆ, ದೇಸಾಯರ ಆಳ್ವಿಕೆ ನಡೆಯುತ್ತಿದ್ದ ಕಾಲದಲ್ಲಿ, ಹೊಳೆಗೆ ಸೇತುವೆ ಇರಲಿಲ್ಲ. ಒಂದೇ ಮರದ ಬೊಡ್ಡೆಯನ್ನು ತೋಡಿ ಮಾಡಿದ ಒಂದು ದೊಡ್ಡ ದೋಣಿ ಇತ್ತು. ಅದನ್ನು ನಡೆಸುತ್ತಿದ್ದವನು ದೇಮಣ್ಣನೆಂಬ ಅಂಬಿಗ. ಸಿದ್ದಿಯರ ಹಿರಿಯರನ್ನು ಕಡಲಾಚೆಯ ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ಗೋವೆಗೆ ತಂದು ಮಾರಿದ್ದರಂತೆ. ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡುಗಳಲ್ಲಿ ನೆಲೆ ನಿಂತರು. ಅವರಲ್ಲಿ ಕೆಲವರು ಹಿಂದೂಗಳಾದರು, ಕೆಲವರು ಮುಸಲ್ಮಾನರು, ಕೆಲವರು ಕಿರಿಸ್ತಾನರು. ಯಾವ ದೇವರಿಗೆ ಕೈಮುಗಿದರೂ ಊರಿನ ಕಣ್ಣಿಗೆ ಬೀಳುತ್ತಿದ್ದದ್ದು ಅವರ ಕಪ್ಪು ಮೈ, ಗುಂಗುರು ಕೂದಲು ಮಾತ್ರ. ಬಿದರೊಳ್ಳಿಯ ಗದ್ದೆಗಳಲ್ಲಿ ನಾಟಿ ಮಾಡುವವರು, ಕಾಡಿನಿಂದ ಮರ ಎಳೆಯುವವರು ಅವರೇ. ಆ ದೋಣಿಯ ಬೊಡ್ಡೆಯನ್ನು ಹೊಳೆಗೆ ಎಳೆದು ತಂದವರೂ ಅವರೇ. ಆದರೂ ದೋಣಿಯಲ್ಲಿ ಅವರು ಕೂರುವಂತಿರಲಿಲ್ಲ. ದೋಣಿಯ ಹಿಂದೆ ಒಂದು ಹಗ್ಗ ಕಟ್ಟಿರುತ್ತಿತ್ತು. ಅದನ್ನು ಹಿಡಿದುಕೊಂಡು ನೀರಿನಲ್ಲೇ ದಾಟಬೇಕು. ಬೇಸಿಗೆಯಲ್ಲಿ ನೀರು ಸೊಂಟದವರೆಗೆ ಇರುತ್ತಿತ್ತು. ಮಳೆಗಾಲದಲ್ಲಿ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ.

ಕೇರಿಯಲ್ಲಿ ಸಾವೇರನೆಂಬ ಮುದುಕನಿದ್ದ. ಅವನ ಮಗಳು ರುಜಾಯಿ, ಗಂಡನನ್ನು ಕಳೆದುಕೊಂಡು ತಂದೆಯ ಜೊತೆಗೇ ಇದ್ದವಳು. ಒಂದು ಆಷಾಢದ ಬೆಳಿಗ್ಗೆ ಇಬ್ಬರೂ ನಾಟಿಗೆಂದು ಹಗ್ಗ ಹಿಡಿದು ಹೊರಟರು. ನಡುಹೊಳೆಯಲ್ಲಿ ಮುದುಕನ ಕೈ ಸೋತಿತು. ರುಜಾಯಿ ತಿರುಗಿ ನೋಡುವಷ್ಟರಲ್ಲಿ ಅವನ ತಲೆ ಹತ್ತು ಮಾರು ಕೆಳಗೆ ಒಮ್ಮೆ ಕಂಡು ಮರೆಯಾಯಿತು. ಅವಳು ದೋಣಿ ತಿರುಗಿಸುವಂತೆ ಕೂಗಿಕೊಂಡಳು. ದೇಮಣ್ಣ ಹುಟ್ಟು ಎತ್ತಿ ನಿಂತ. ದೋಣಿಯಲ್ಲಿದ್ದ ದೇಸಾಯರ ಕಾರಕೂನ ಭೀಮಾಜಿ, ಸೆಳವಿನಲ್ಲಿ ದೋಣಿ ತಿರುಗಿಸಿದರೆ ಕೂತವರೆಲ್ಲ ಮುಳುಗುತ್ತಾರೆ, ಸುಮ್ಮನೆ ನಡೆ ಎಂದು ಗದರಿದ. ದೇಮಣ್ಣ ಹುಟ್ಟನ್ನು ಮತ್ತೆ ನೀರಿಗೆ ಹಾಕಿ ಆಚೆ ದಡದ ಕಡೆಗೇ ನಡೆಸಿದ. ಸಾವೇರನ ದೇಹ ಸಿಕ್ಕಿದ್ದು ಮೂರನೆಯ ದಿನ.

ಮಣ್ಣು ಮಾಡಿ ಬಂದ ಮೇಲೆ ಕೇರಿಯ ಮೂರೂ ಮತದವರು ಒಂದೆಡೆ ಕೂಡಿದರು. ದೋಣಿ ಸುಡಬೇಕೆಂದು ಕೆಲವರು, ಊರು ಬಿಟ್ಟು ಹೋಗಬೇಕೆಂದು ಕೆಲವರು ಹೇಳಿದರು. ರುಜಾಯಿ ಎರಡಕ್ಕೂ ಒಪ್ಪಲಿಲ್ಲ. ದೋಣಿ ಸುಟ್ಟರೆ ಮತ್ತೊಂದು ಮರ ಎಳೆಯಲು ನಮ್ಮನ್ನೇ ಕರೆಯುತ್ತಾರೆ ಎಂದಳಂತೆ. ಇನ್ನು ಮೇಲೆ ಆ ಹಗ್ಗ ಮುಟ್ಟುವುದು ಬೇಡ, ಗುಡ್ಡ ಹತ್ತಿ ಬಳಸಿಕೊಂಡು ಹೋಗೋಣ ಎಂಬುದು ಅವಳ ಮಾತು. ಗುಡ್ಡದ ಆಚೆ ಮಗ್ಗುಲಲ್ಲಿ, ಬಹಳ ದೂರದಲ್ಲಿ, ಹೊಳೆ ಕಿರಿದಾದ ಕಮರಿಯಲ್ಲಿ ಹರಿಯುತ್ತದೆ. ಅಲ್ಲಿ ಎರಡು ಮರ ಕೆಡವಿ ಸಂಕ ಹಾಕಿದರು. ಹೊತ್ತು ಹುಟ್ಟುವಾಗ ಮನೆ ಬಿಟ್ಟರೆ ಗದ್ದೆ ಮುಟ್ಟುವಾಗ ಸೂರ್ಯ ನೆತ್ತಿಗೆ ಬರುತ್ತಿದ್ದ. ಒಂದಿಷ್ಟು ಕೆಲಸ ಮಾಡುವಷ್ಟರಲ್ಲಿ ಮರಳುವ ಹೊತ್ತು. ಮುದುಕಿಯರು, ಬಸುರಿಯರು, ಹೊರೆ ಹೊತ್ತವರು, ಎಲ್ಲರೂ ನಡೆದರು. ಅಂಗಾಲು ಒಡೆದು ಕಲ್ಲಿನ ಮೇಲೆ ರಕ್ತದ ಗುರುತು ಬೀಳುತ್ತಿತ್ತು ಎನ್ನುತ್ತಾರೆ. ಒಬ್ಬರೂ ದೋಣಿಯ ಕಡೆ ತಿರುಗಲಿಲ್ಲ.

ಆ ವರ್ಷ ಬಿದರೊಳ್ಳಿಯ ನಾಟಿ ತಡವಾಯಿತು, ಕೊಯ್ಲೂ ತಡವಾಯಿತು. ದೇಸಾಯರು ಭೀಮಾಜಿಯ ಕೈಯಲ್ಲಿ ಹೇಳಿ ಕಳಿಸಿದರು: ಸಿದ್ದಿಯರಿಗೆಂದೇ ಬೇರೆ ಸರದಿ ಮಾಡಿಸುತ್ತೇವೆ, ಊರವರೆಲ್ಲ ದಾಟಿದ ಮೇಲೆ ಅವರು ದೋಣಿಯಲ್ಲಿ ಕೂತು ಬರಬಹುದು, ಆಮೇಲೆ ದೋಣಿ ತೊಳೆಸಿಕೊಳ್ಳುತ್ತೇವೆ. ಕೇರಿಯಲ್ಲಿ ಹಲವರ ಮನಸ್ಸು ಅಲ್ಲಾಡಿತು. ಕಾಲು ಹುಣ್ಣಾದವರಿಗೆ ಅದೇನು ಸಣ್ಣ ಮಾತಲ್ಲ. ರುಜಾಯಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬೇಕಾದವರು ಹೋಗಬಹುದು, ತಾನು ತಡೆಯುವುದಿಲ್ಲ ಎಂದಳು. ಯಾರೂ ಏಳಲಿಲ್ಲ. ಆಗ ಅವಳು ಭೀಮಾಜಿಗೆ ಹೇಳಿದಳು:

“ನಮಗ ಬ್ಯಾರೆ ಸರದಿ ಬ್ಯಾಡ್ರಿ. ಯಾರು ಮೊದಲ ಬರತಾರೋ ಅವರು ಮೊದಲ ಕೂಡಲಿ. ಇಲ್ಲಂದ್ರ ಗುಡ್ಡ ಐತಿ, ನಮ್ಮ ಕಾಲ ಅದಾವ.”

ಇಷ್ಟರ ನಡುವೆ ದೇಮಣ್ಣ ಸುಖವಾಗಿರಲಿಲ್ಲ. ದೋಣಿಯ ಹಿಂದೆ ಹಗ್ಗ ಹಗುರಾಗಿ ತೇಲುವುದನ್ನು ಕಂಡಾಗಲೆಲ್ಲ ಹುಟ್ಟು ಹಾಕುವುದನ್ನು ನಿಲ್ಲಿಸಿಬಿಡುತ್ತಿದ್ದ. ಮರುವರ್ಷದ ಮಳೆಗೆ ಮುಂಚೆ ಅವನು ಒಂದು ಬೆಳಿಗ್ಗೆ ದೋಣಿ ಕಟ್ಟಿಟ್ಟು ಸಿದ್ದಿಯರ ಸಾಲಿನ ಕೊನೆಯಲ್ಲಿ ಸೇರಿಕೊಂಡು ಗುಡ್ಡ ಹತ್ತಿದ. ಅವರಲ್ಲಿ ಯಾರೂ ಅವನನ್ನು ಮಾತನಾಡಿಸಲಿಲ್ಲ. ಹಿಂದೆ ಹೋಗು ಎಂದೂ ಹೇಳಲಿಲ್ಲ. ಆಚೆ ಇಳಿದು ಊರು ಸೇರಿದವನು ನೇರವಾಗಿ ದೇಸಾಯರ ವಾಡೆಗೆ ಹೋಗಿ ಅಂಗಳದಲ್ಲಿ ನಿಂತ. ಸಾವೇರ ಮುಳುಗಿದ ದಿನ ಹುಟ್ಟು ಎತ್ತಿದ ತಾನು ದೋಣಿ ತಿರುಗಿಸದೆ ಮುಂದೆ ನಡೆಸಬಾರದಿತ್ತು ಎಂದು ಒಪ್ಪಿಕೊಂಡ. ಆಮೇಲೆ ಹೇಳಿದ: “ಅವರು ಕೂಡದ ದೋಣ್ಯಾಗ ಇನ್ನ ನಾ ಯಾರನ್ನೂ ದಾಟಸೂದಿಲ್ಲರಿ ಧಣ್ಯಾರ.” ಊರಿನ ಅಂಬಿಗರ ಮನೆಗಳಲ್ಲಿ ಬೇರೆ ಯಾರೂ ಹುಟ್ಟು ಹಿಡಿಯಲು ಮುಂದೆ ಬರಲಿಲ್ಲ. ದೋಣಿ ದಡದಲ್ಲಿ ಬೋರಲು ಬಿತ್ತು.

ಪಟ್ಟಣದ ದಾರಿ ಇದ್ದದ್ದು ಪಶ್ಚಿಮದ ದಡದಲ್ಲಿ. ಹೊಳೆ ತುಂಬಿದ ಮೇಲೆ ಪಟ್ಟಣದಲ್ಲಿದ್ದ ಮಗಳ ಮನೆಗೆ ತುರ್ತಾಗಿ ಹೋಗಬೇಕಾಗಿ ಬಂದಾಗ ದೇಸಾಯರೂ ಗುಡ್ಡವನ್ನೇ ಹತ್ತಬೇಕಾಯಿತು. ಅವರನ್ನು ಹೊರುವ ಮೇನೆ ಆ ಸಂದಿನಲ್ಲಿ ಹಿಡಿಯುವುದಿಲ್ಲ. ಅರವತ್ತು ದಾಟಿದ ಮನುಷ್ಯ, ಇಬ್ಬರು ಆಳುಗಳ ಹೆಗಲು ಹಿಡಿದು ಏದುಸಿರು ಬಿಡುತ್ತ ನೆತ್ತಿಯ ಸಂದಿಗೆ ಬಂದರೆ, ಎದುರುಗಡೆಯಿಂದ ರುಜಾಯಿ ಮತ್ತು ಕೇರಿಯವರು ಬರುತ್ತಿದ್ದರು. ಒಬ್ಬರಿಗೆ ಮಾತ್ರ ದಾರಿ. ಆಳುಗಳು ಅವರನ್ನು ಹಿಂದೆ ಸರಿಯುವಂತೆ ಗದರಿದರು. ರುಜಾಯಿ ಗದರಿಕೆಗೆ ಅಂಜಿ ಸರಿಯಲಿಲ್ಲ. ಮುದುಕರ ನಡುಗುವ ಕಾಲು ನೋಡಿ ಸಂದಿನ ಹೊರಗೇ ಬಂಡೆಗೆ ಒತ್ತಿ ನಿಂತಳು. ದೇಸಾಯರು ನುಸುಳಿ ಇಳಿಜಾರಿಗೆ ಕಾಲಿಡುವಾಗ ಅವಳೆಂದಳು:

“ಧಣ್ಯಾರ, ಸಾವಕಾಶ ಇಳೀರಿ. ಆ ಕಲ್ಲು ಅಳ್ಳಾಡತೈತಿ. ಒಂದ ವರ್ಷದಿಂದ ನಮಗ ಗೊತ್ತೈತಿ.”

ದೇಸಾಯರು ಆ ಕಲ್ಲನ್ನು ಬಿಟ್ಟು ಪಕ್ಕಕ್ಕೆ ಕಾಲಿಟ್ಟರು. ಸ್ವಲ್ಪ ಕೆಳಗೆ ಇಳಿದು, ಒಂದು ಮರದ ಬುಡದಲ್ಲಿ ಬಹಳ ಹೊತ್ತು ಕೂತಿದ್ದರಂತೆ. ಪಟ್ಟಣದಿಂದ ಮರಳಿದ ದಿನ ದೇಮಣ್ಣನನ್ನು ಕರೆಸಿ, ದೋಣಿ ನೀರಿಗಿಳಿಸು, ಹಗ್ಗ ಬಿಚ್ಚಿಹಾಕು, ಮೊದಲು ಬಂದವರನ್ನು ಮೊದಲು ಕೂರಿಸು ಎಂದರು. ಅಷ್ಟೇ. ತಪ್ಪಾಯಿತೆಂದು ಅವರ ಬಾಯಿಂದ ಬರಲಿಲ್ಲ. ಬಂತೆಂದು ಕಥೆ ಹೇಳುವವರೂ ಸೇರಿಸುವುದಿಲ್ಲ.

ಮರುದಿನ ಬೆಳಿಗ್ಗೆ ಸಿದ್ದಿಯರು ದೋಣಿ ಹತ್ತಿ ಕೂತರು. ಕೂಡಲೇ, ಪಟ್ಟಣದ ಕಡೆಯಿಂದ ಬಂದು ಮೊದಲೇ ಕೂತಿದ್ದ ಊರಿನ ಏಳೆಂಟು ಮಂದಿ ಎದ್ದು ಇಳಿದರು. ಅವರ ಜೊತೆ ಕೂರುವುದಕ್ಕಿಂತ ಗುಡ್ಡ ಹತ್ತುವುದೇ ಲೇಸೆಂದು ಅವರು ಹೊರಟೇಬಿಟ್ಟರು. ಸಿದ್ದಿಯರು ಹಾಕಿದ ಸಂಕದ ಮೇಲೆಯೇ ದಾಟಿ, ಸಿದ್ದಿಯರು ಸವೆಸಿದ ದಾರಿಯಲ್ಲೇ ನಡೆದರು. ಮುಂದೆ ವರ್ಷಗಟ್ಟಲೆ ಹೀಗೇ ನಡೆಯಿತು. ಜನ ನಕ್ಕು ‘ಬಳಸು ಮಂದಿ’ ಎಂದರು, ಗುಡ್ಡಕ್ಕೆ ಬಳಸುಗುಡ್ಡವೆಂಬ ಹೆಸರು ನಿಂತಿತು. ಒಂದೊಂದೇ ಮಳೆಗಾಲ ಕಳೆದಂತೆ ಆ ಮಂದಿ ಒಬ್ಬೊಬ್ಬರಾಗಿ ದೋಣಿಗೆ ಮರಳಿದರು. ಕೊನೆಗೆ ಉಳಿದವನು ಭೀಮಾಜಿ ಒಬ್ಬನೇ. ಮೊಣಕಾಲು ಪೂರ್ತಿ ಸೋಲುವವರೆಗೆ ಅವನು ಗುಡ್ಡ ಬಿಡಲಿಲ್ಲ. ಒಂದು ದಿನ ಕೋಲೂರಿಕೊಂಡು ದಡಕ್ಕೆ ಬಂದು ಯಾರ ಮುಖವನ್ನೂ ನೋಡದೆ ನಿಂತ. ದೋಣಿ ತುಂಬಿತ್ತು. ತಲೆ ನರೆತ ರುಜಾಯಿ ಅದರಲ್ಲಿ ಕೂತಿದ್ದಳು. ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ಇಲ್ಲೆ ಕೂಡ್ರಿ ಕಾರಕೂನರ. ಇಲ್ಲೆ ನೀರು ಸಿಡಿಯೂದಿಲ್ಲ.”

ಭೀಮಾಜಿ ಕೂತ. ಆ ದಿನದಿಂದ ಗುಡ್ಡದ ದಾರಿಗೆ ಹುಲ್ಲು ಬೆಳೆಯಿತು ಎನ್ನುತ್ತಾರೆ.

ಈಗ ದೋಣಿಯೂ ಇಲ್ಲ, ಸಂಕವೂ ಇಲ್ಲ. ಮಳೆ ನಿಂತ ಮೇಲೆ ಗುಡ್ಡ ಹತ್ತಿದವರಿಗೆ ಹುಲ್ಲಿನ ನಡುವೆ ಬಂಡೆಯ ಮೇಲೆ ಅಂಗಾಲಗಲದ ನುಣುಪು ತಗ್ಗುಗಳು ಸಾಲಾಗಿ ಕಾಣುತ್ತವೆ. ಮಕ್ಕಳು ಅವುಗಳಲ್ಲಿ ಕಾಲಿಟ್ಟು ಅಳತೆ ನೋಡುತ್ತಾರೆ. ದೋಣಿಯಲ್ಲಿ ಕೂರಲು ಬಿಡದ್ದಕ್ಕೆ ನಡೆದವರ ಹೆಜ್ಜೆ ಯಾವುದು, ಜೊತೆಗೆ ಕೂರಲಾರದೆ ನಡೆದವರದು ಯಾವುದು ಎಂದು ನಾನು ಕೇರಿಯ ಹಿರಿಯಳೊಬ್ಬಳನ್ನು ಕೇಳಿದ್ದೆ. ಆಳವಾಗಿರುವುದೆಲ್ಲ ತಮ್ಮವರದು ಎಂದಳು ಆಕೆ.